ಸರಮೆಯ ದೂರು ಮತ್ತು ಹೊನ್ನಾವರದ ಒಂದು ಮರಿ

ಮಹಾಭಾರತದ ಆದಿಪರ್ವವನ್ನು ಮೂಲದಲ್ಲಿ ಓದಿದವರಿಗೆ, ಪೌಷ್ಯಪರ್ವದ ಮೊದಲಲ್ಲೇ ಒಂದು ನಾಯಿಮರಿಯ ಅಳು ಕೇಳಿಸುತ್ತದೆ. ಜನಮೇಜಯನು ತನ್ನ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರದಲ್ಲಿ ಕುಳಿತಿರುವಾಗ ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಮರಿ ತಾಯಿಯಲ್ಲಿಗೆ ಓಡಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದು ಹೇಳಿಕೊಳ್ಳುತ್ತದೆ. ಸರಮೆಯು ಯಜ್ಞಶಾಲೆಗೇ ಬಂದು ನ್ಯಾಯ ಕೇಳುತ್ತಾಳೆ. ರಾಜಕುಮಾರರು ಉತ್ತರ ಕೊಡುವುದಿಲ್ಲ. ತಪ್ಪಿಲ್ಲದವನನ್ನು ಹೊಡೆದ ನಿಮಗೆ ಕಾಣದ ದಿಕ್ಕಿನಿಂದ ಭಯ ಬರಲಿ ಎಂದು ಶಪಿಸಿ ಆಕೆ ಹೊರಟುಹೋಗುತ್ತಾಳೆ. ಅಷ್ಟು ದೊಡ್ಡ ರಾಜನು ಆ ಶಾಪದ ಪರಿಹಾರಕ್ಕಾಗಿ ತಕ್ಕ ಪುರೋಹಿತನನ್ನು ಹುಡುಕಬೇಕಾಗುತ್ತದೆ. ಅದೇ ಗ್ರಂಥದ ಹದಿನೇಳನೆಯ ಪರ್ವದಲ್ಲಿ ಯುಧಿಷ್ಠಿರನು, ನಾಯಿಯನ್ನು ಬಿಟ್ಟು ರಥ ಹತ್ತಲಾರೆನೆಂದು ಇಂದ್ರನೆದುರು ಹಟ ಹಿಡಿದು ನಿಲ್ಲುತ್ತಾನೆ. ಆ ನಾಯಿಯನ್ನು ಪ್ರವಚನಕಾರರೆಲ್ಲ ನೆನೆಯುತ್ತಾರೆ. ಈ ಮರಿಯನ್ನು ನೆನೆಯುವವರು ಕಡಿಮೆ.

ನಮ್ಮ ಕನ್ನಡ ನಾಡಿನಲ್ಲಿಯೂ ನಾಯಿಗೆ ಕಲ್ಲು ನೆಟ್ಟ ಉದಾಹರಣೆಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗನ ಸೇವಕನಾದ ಮಣಲೇರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದೆದುರು ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಈಗ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ್ದಾರೆ. ಯುಧಿಷ್ಠಿರನ ನಾಯಿ ಹಿಮಾಲಯದವರೆಗೆ ನಡೆದ ನಾಯಿ. ಕಾಳಿಯು ಹಂದಿಯನ್ನು ಕೆಡವಿದ ನಾಯಿ. ಹುಟ್ಟಿನಿಂದಲೇ ನೆಟ್ಟಗೆ ನಿಲ್ಲಲಾರದ, ಕಾವಲಿಗೂ ಬೇಟೆಗೂ ಒದಗದ ಮರಿಗೆ ಯಾರು ಕಲ್ಲು ನೆಟ್ಟಾರು? ಇಂಥ ಒಂದು ಮರಿಯ ವೃತ್ತಾಂತವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬೇಕೆಂದಿದ್ದೇನೆ. ಮಕ್ಕಳಿರುವ ಮನೆಗಳಲ್ಲಿ ಇಂಥ ಪ್ರಸಂಗ ಇಂದಲ್ಲ ನಾಳೆ ಬರುವುದುಂಟು. ಆಗ ಏನು ಮಾಡಬೇಕೆಂಬುದು ತಿಳಿಯದೆ ತಾಯಂದಿರು ಕಂಗಾಲಾಗುವುದನ್ನು ಕಂಡಿದ್ದೇನೆ.

ನನ್ನ ಮಗಳ ಸಂಸಾರ ಉದ್ಯೋಗನಿಮಿತ್ತ ಹೊನ್ನಾವರದಲ್ಲಿ ನೆಲೆಸಿದೆ. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಎರಡು ಶ್ರಾವಣಗಳನ್ನೂ ಅಲ್ಲಿಯೇ ಕಳೆದೆನು. ಬಯಲುಸೀಮೆಯವರಾದ ನಮಗೆ ಕರಾವಳಿಯ ಮಳೆ ಎಂದರೆ ಒಂದು ಶಿಕ್ಷೆಯೇ ಸರಿ. ಶರಾವತಿ ಕೆಂಪಾಗಿ ಸಮುದ್ರಕ್ಕೆ ನುಗ್ಗುತ್ತಿರುತ್ತದೆ, ಬಟ್ಟೆ ವಾರವಾದರೂ ಒಣಗದು, ಪುಸ್ತಕಗಳಿಗೆ ಬೂಸ್ಟು ಹತ್ತುತ್ತದೆ. ಆಷಾಢದ ಅಂಥ ಮಳೆಯಲ್ಲಿ ಬೀದಿಯ ಹೆಣ್ಣುನಾಯಿಯೊಂದು ಮನೆಯ ಹಿಂದಿನ ಕಟ್ಟಿಗೆ ರಾಶಿಯ ಸಂದಿಯಲ್ಲಿ ಐದು ಮರಿ ಹಾಕಿತ್ತು. ನಾಲ್ಕು ಗುಂಡಗಿದ್ದವು. ಐದನೆಯದು ಅವುಗಳ ಅರ್ಧದಷ್ಟಿತ್ತು. ತಾಯಿಯು ಅದನ್ನು ಮೂತಿಯಿಂದ ಪದೇ ಪದೇ ಹೊರಗೆ ತಳ್ಳುತ್ತಿತ್ತು.

ಇಂಥ ಮರಿ ಕಡೆಯಲ್ಲಿ ಹುಟ್ಟಿದ್ದರಿಂದ ಸಣ್ಣದಾಯಿತೆಂದು ಜನ ಹೇಳುವುದು ಸರಿಯಲ್ಲ. ನಾಯಿಯ ಗರ್ಭ ಸುಮಾರು ಅರವತ್ತಮೂರು ದಿನಗಳದ್ದು. ಆ ಅವಧಿಯಲ್ಲಿ ಯಾವ ಮರಿಗೆ ಮಾಸಿನ ಮೂಲಕ ಆಹಾರ ಕಡಿಮೆ ದೊರೆಯುತ್ತದೆಯೋ ಅದು ಸೊರಗುತ್ತದೆ. ಅದು ಮೊದಲು ಹುಟ್ಟಿದ್ದರೂ ಇರಬಹುದು. ಹುಟ್ಟಿದ ಮೇಲೆ ಮೊಲೆಗಾಗಿ ನಡೆಯುವ ತಳ್ಳಾಟದಲ್ಲಿ ಅದು ಸೋಲುತ್ತದೆ. ಸೋತದ್ದು ತಣ್ಣಗಾಗುತ್ತದೆ. ತಣ್ಣಗಾದ ಮರಿಯನ್ನು ತಾಯಿ ಸತ್ತದ್ದೆಂದೇ ಎಣಿಸಿ ದೂರ ಸರಿಸುತ್ತದೆ. ಇದನ್ನು ಕ್ರೌರ್ಯವೆನ್ನಬಾರದು, ನಾಲ್ಕನ್ನಾದರೂ ಉಳಿಸಿಕೊಳ್ಳಬೇಕೆಂಬ ಲೆಕ್ಕ ಆ ಮೂಕಪ್ರಾಣಿಗೆ ಪ್ರಕೃತಿಯೇ ಕಲಿಸಿದ್ದು.

ಹತ್ತು ವರ್ಷದ ಮೊಮ್ಮಗ ಅದನ್ನು ಅಂಗಿಯೊಳಗಿಟ್ಟುಕೊಂಡು ಒಳಗೆ ತಂದನು. "ಅಜ್ಜಾ, ಇದು ಇನ್ನೂ ಉಸಿರಾಡ್ತದ" ಎಂದನು. ನನ್ನ ಧರ್ಮಪತ್ನಿ, "ಸಾಯೋ ಮರೀನ ಒಳಗ ಯಾಕ ತಂದಿ? ಶ್ರಾವಣ ಬರೋ ಹೊತ್ತಿನಾಗ ಮನಿಯೊಳಗ ಜೀವ ಹೋಗಬಾರದು" ಎಂದಳು. ಅವಳ ಮಾತಿನಲ್ಲಿ ಅಂಜಿಕೆಯಿತ್ತೇ ಹೊರತು ನಿಷ್ಕರುಣೆಯಿರಲಿಲ್ಲ ಎಂಬುದಕ್ಕೆ ಸಾಕ್ಷಿಯೆಂದರೆ, ಬಿಸಿನೀರು ಕಾಯಿಸಲು ಮೊದಲು ಎದ್ದವಳು ಅವಳೇ.

ಇಲ್ಲಿ ಕೆಲವು ವ್ಯಾವಹಾರಿಕ ಸಂಗತಿಗಳನ್ನು ವಿವರವಾಗಿ ಹೇಳುವುದು ಅವಶ್ಯ. ಮೊದಲು ಬೇಕಾದದ್ದು ಹಾಲಲ್ಲ, ಕಾವು. ದೊಡ್ಡ ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೊದಲ ವಾರದ ಮರಿಯದು 35ರಿಂದ 37ರ ಒಳಗಿರುತ್ತದೆ. ಆ ವಾರದಲ್ಲಿ ಅದಕ್ಕೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಣ್ಣಗಾದ ಮರಿಯ ಹೊಟ್ಟೆಗೆ ಹಾಲು ಹಾಕಿದರೆ ಜೀರ್ಣವಾಗದೆ ಕೆಡುಕೇ ಆಗುತ್ತದೆ. ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಹಳೆಯ ಧೋತರ ಸುತ್ತಿ ಪಕ್ಕದಲ್ಲಿಟ್ಟು, ಮೆಲ್ಲಗೆ ಕಾವು ಕೊಡಬೇಕು. ಮಳೆಗಾಲದಲ್ಲಿ ವಿದ್ಯುತ್ತಿನ ದೀಪವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ, ಬಾಟಲಿಯೇ ಮೇಲು. ಮರಿ ಬಿಸಿಯಾದ ಮೇಲೆ ಒಸಡಿಗೆ ಒಂದಿಷ್ಟು ಸಕ್ಕರೆ ನೀರು ಸವರಿದರೆ ಜೀವ ಬಂದಂತಾಗುತ್ತದೆ, ಏಕೆಂದರೆ ಸಣ್ಣ ಮರಿಗಳ ರಕ್ತದಲ್ಲಿ ಸಕ್ಕರೆ ಬೇಗ ಇಳಿದುಹೋಗುತ್ತದೆ.

ಇನ್ನು ಹಾಲು. ನಾಯಿಯ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗಿಂತ ಹೆಚ್ಚು. ಆದಕಾರಣ ಬರಿಯ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವ ನಮ್ಮ ರೂಢಿ ಮರಿಯನ್ನು ಹಸಿವಿನಲ್ಲಿಯೇ ಇಡುತ್ತದೆ. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಈಗ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದಕ್ಕಿಂತ ಮೇಲಾದುದು ತಾಯಿಯ ಮೊಲೆಯೇ. ನಮ್ಮ ಮನೆಯಲ್ಲಿ ಮಾಡಿದ ಉಪಾಯವಿಷ್ಟು: ಗುಂಡಗಿನ ನಾಲ್ಕನ್ನೂ ಸ್ವಲ್ಪ ಹೊತ್ತು ಬುಟ್ಟಿಗೆ ಹಾಕಿ ಮುಚ್ಚಿ, ಬೆಚ್ಚಗಾದ ಸಣ್ಣದನ್ನು ತಾಯಿಯ ಹಿಂಬದಿಯ ಮೊಲೆಗೆ ಹಚ್ಚುವುದು. ಬಿಸಿಯಿದ್ದ ಮರಿಯನ್ನು ತಾಯಿ ತಳ್ಳಲಿಲ್ಲ. ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಸಹ, ಈ ಕೆಲಸ ನಡೆಯಿತು. ಸಾಲದ್ದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹನಿಹನಿಯಾಗಿ ಕುಡಿಸಿದೆವು. ನಮ್ಮ ಕೂಸುಗಳಂತೆ ಅಂಗಾತ ಮಲಗಿಸಿ ಕುಡಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ಹೊಟ್ಟೆಯ ಮೇಲೆ ಮಲಗಿಸಿ, ತಲೆ ತುಸು ಮೇಲೆತ್ತಿ ಕುಡಿಸಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಒರೆಸಬೇಕು; ತಾಯಿ ನೆಕ್ಕದಿದ್ದರೆ ಎಳೆಯ ಮರಿಗೆ ಮಲಮೂತ್ರ ವಿಸರ್ಜನೆಯೂ ತಾನಾಗಿ ಆಗದು. ಮೊಮ್ಮಗನು ದಿನವೂ ಅದನ್ನು ಕಿರಾಣಿ ಅಂಗಡಿಗೊಯ್ದು ತಕ್ಕಡಿಯ ಮೇಲಿಟ್ಟು, ತೂಕವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದನು. ಅಂಗಡಿಕಾರನು ಸಕ್ಕರೆ ತೂಗುವ ತಟ್ಟೆಗೆ ಒಂದು ಕಾಗದ ಹಾಸಿ, ಗೊಣಗದೆ ತೂಗಿಕೊಟ್ಟನೆಂಬುದನ್ನೂ ಹೇಳಬೇಕು.

ಹದಿನಾಲ್ಕನೆಯ ದಿನ ಕಣ್ಣು ತೆರೆಯಿತು. ಉಳಿಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ನಾಲ್ಕನೆಯ ವಾರ ಇತರ ಮರಿಗಳು ಓಡಾಡತೊಡಗಿದಾಗ ಈ ಮರಿಯ ನಿಜವಾದ ಕಷ್ಟ ಕಾಣಿಸಿಕೊಂಡಿತು. ಕಾಲುಗಳನ್ನು ಅಗಲಕ್ಕೆ ಚಾಚಿ ನಿಲ್ಲುತ್ತಿತ್ತು. ಹೆಜ್ಜೆಯನ್ನು ಬೇಕಾದುದಕ್ಕಿಂತ ಎತ್ತರಕ್ಕೆತ್ತಿ ದೊಪ್ಪನೆ ಇಡುತ್ತಿತ್ತು. ಮಲಗಿದ್ದಾಗ ನಡುಕವಿಲ್ಲ, ಬಟ್ಟಲಿಗೆ ಬಾಯಿ ಹಾಕಹೋದಾಗ ಮಾತ್ರ ತಲೆ ಮೇಲೆ ಕೆಳಗೆ ಆಡಿ, ಮೂಗು ಹಾಲಿನಲ್ಲಿ ಮುಳುಗುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಪಕ್ಕಕ್ಕೆ ಬೀಳುತ್ತಿತ್ತು. ಎಡಕ್ಕೂ ಬಲಕ್ಕೂ ತೂಗುತ್ತ ಬರುವ ಅದನ್ನು ಕಂಡು ಮೊಮ್ಮಗ 'ತೇರು' ಎಂದು ಹೆಸರಿಟ್ಟನು. ದೇವರ ತೇರಿನ ಹೆಸರು ನಾಯಿಗೇ ಎಂದು ಅಜ್ಜಿ ಗದರಿದಳು. ನಾಯಿಯ ಬಾಯಿಂದ ವೇದ ಓದಿಸಿದ ಕಥೆ ನಮ್ಮ ಶರಣರ ಪುರಾಣಗಳಲ್ಲಿಯೇ ಇರುವಾಗ ಹೆಸರಿಗೇನು ಆಕ್ಷೇಪವೆಂದು ನಾನು ಮಧ್ಯಸ್ಥಿಕೆ ವಹಿಸಿದೆನು.

ತಾಲ್ಲೂಕಿನ ಪಶುವೈದ್ಯರು ಮರಿಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಜ್ವರವಿಲ್ಲ, ಕಣ್ಣು ಮೂಗುಗಳಲ್ಲಿ ಪಿಸುರಿಲ್ಲ, ಕಾಲಿನ ಬಲ ಚೆನ್ನಾಗಿದೆ, ಬೆರಳನ್ನು ಹಿಸುಕಿದರೆ ಎಳೆದುಕೊಳ್ಳುತ್ತದೆ. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಗರ್ಭದಲ್ಲಿ ಪೂರ್ತಿ ಬೆಳೆಯದೆ ಉಳಿದಿರಬೇಕೆಂದರು. ಸೆರಿಬೆಲ್ಲರ್ ಹೈಪೊಪ್ಲೇಸಿಯಾ ಎಂದು ಅದಕ್ಕೆ ವೈದ್ಯಶಾಸ್ತ್ರದ ಹೆಸರು. ನಡೆಯಬೇಕೆಂಬ ಇಚ್ಛೆ ದೊಡ್ಡ ಮೆದುಳಿನದು, ನಡೆಸುವ ಬಲ ಸ್ನಾಯುಗಳದು. ಹೆಜ್ಜೆ ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆಯ ಲೆಕ್ಕ ಕಿರುಮೆದುಳಿನದು. ಲೆಕ್ಕ ತಪ್ಪುವುದರಿಂದ ಮರಿ ತೂಗುತ್ತದೆ. ಗರ್ಭದಲ್ಲಿ ತಗುಲಿದ ಸೋಂಕಿನಿಂದಾಗಲಿ, ವಂಶದೋಷದಿಂದಾಗಲಿ ಹೀಗಾಗಬಹುದು. ಇದಕ್ಕೆ ಔಷಧವಿಲ್ಲ. ಆದರೆ ಇದು ನೋವು ಕೊಡುವುದಿಲ್ಲ, ಹೆಚ್ಚುತ್ತ ಹೋಗುವುದೂ ಇಲ್ಲ. ದೊಡ್ಡ ನಗರಗಳಲ್ಲಿ ಎಂಆರ್‌ಐ ಚಿತ್ರ ತೆಗೆಸಿದರೆ ಖಚಿತವಾಗುತ್ತದೆ. ಖಚಿತವಾದರೂ ಚಿಕಿತ್ಸೆ ಬದಲಾಗುವುದಿಲ್ಲ. "ಒಂದು ತಿಂಗಳು ನೋಡೋಣ. ಇದ್ದಷ್ಟೇ ಇದ್ದರೆ ಅಥವಾ ಸುಧಾರಿಸಿದರೆ ನಾನು ಹೇಳಿದ್ದು ಸರಿ. ಕೆಡುತ್ತಾ ಹೋದರೆ ಬೇರೆ ರೋಗ" ಎಂದರು. ಕಾಲವನ್ನೇ ಪರೀಕ್ಷೆಯ ಸಾಧನವಾಗಿ ಬಳಸುವ ಈ ವಿವೇಕ ನನಗೆ ಬಹಳ ಮೆಚ್ಚಿಕೆಯಾಯಿತು.

ಬೇರೆ ರೋಗಗಳನ್ನು ಮರೆಯುವಂತಿಲ್ಲ. ನಡುಗುವ ಮರಿಯೆಲ್ಲ ಇಂಥದ್ದೇ ಎಂದು ತಿಳಿದು ಎತ್ತಿ ಮುದ್ದಾಡಬಾರದು. ಡಿಸ್ಟೆಂಪರ್ ಎಂಬ ಸೋಂಕಿನಲ್ಲಿ ಮೊದಲು ಜ್ವರ, ಕೆಮ್ಮು, ಕಣ್ಣು ಮೂಗುಗಳಲ್ಲಿ ಕೀವು, ಭೇದಿ; ಆಮೇಲೆ ಮಲಗಿದ್ದಾಗಲೂ ಒಂದೇ ಸ್ನಾಯು ತಾಳ ಹಾಕಿದಂತೆ ಅದುರುವುದು, ಅಪಸ್ಮಾರ. ಅದು ಇತರ ನಾಯಿಗಳಿಗೆ ಬೇಗ ಹರಡುತ್ತದೆ. ಅದಕ್ಕಿಂತಲೂ ಭಯಂಕರವಾದುದು ರೇಬಿಸ್. ಎಳೆಯ ಮರಿಗೂ ರೇಬಿಸ್ ಬರಬಲ್ಲುದು. ನುಂಗಲಾರದೆ ಜೊಲ್ಲು ಸುರಿಸುವುದು, ಸ್ವಭಾವ ಬದಲಾಗುವುದು, ದಿನದಿಂದ ದಿನಕ್ಕೆ ಕಾಲು ಸೋಲುವುದು ಅದರ ಲಕ್ಷಣ. ಲಕ್ಷಣ ತೋರಿದ ನಾಯಿ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ.

ಒಂದು ಸಂಜೆ ಅನ್ನ ತಿನ್ನಿಸುವಾಗ ಮರಿಯ ತಲೆ ಅದುರಿ ಅದರ ಎಳೆಯ ಹಲ್ಲು ಹುಡುಗನ ಬೆರಳಿಗೆ ಗೀರಿತು. ರಕ್ತದ ಒಂದು ಹನಿ ಮಾತ್ರ. ಅಳಿಯಂದಿರು ಅವನನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಗಡಿಯಾರ ನೋಡಿ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆಸಿದರು. ಆ ರಾತ್ರಿಯೇ ಸರ್ಕಾರಿ ಆಸ್ಪತ್ರೆಗೆ ಹೋದರು. ಅರಿಸಿನ ಹಚ್ಚಿ ಕಟ್ಟಿದರೆ ಸಾಕೆಂದು ನೆರೆಯ ಹಿರಿಯರೊಬ್ಬರು ಹೇಳಿದರು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡವರ ಗೋಳನ್ನು ಕಂಡ ತಲೆಮಾರು ನಮ್ಮದು. ಆ ಅಂಜಿಕೆಯಿಂದಲೇ ಎಷ್ಟೋ ಮಂದಿ ಆಸ್ಪತ್ರೆಯ ಕಡೆ ಸುಳಿಯದೆ ಪ್ರಾಣ ಕಳೆದುಕೊಂಡರು. ಆ ಹಳೆಯ ಲಸಿಕೆಯ ಕಾಲ ಮುಗಿದು ಸುಮಾರು ಎರಡು ದಶಕಗಳಾದವು. ಈಗಿನದನ್ನು ತೋಳಿಗೆ ಕೊಡುತ್ತಾರೆ, ನಾಲ್ಕೈದು ಸಲ ಮಾತ್ರ. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಪ್ರತಿವಿಷವನ್ನೂ ಚುಚ್ಚುತ್ತಾರೆ. ಮರಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕೆಂದು ವೈದ್ಯರು ಹೇಳಿದರು. ಆ ಹತ್ತು ದಿನ ನನ್ನ ಮಗಳು ಪ್ರತಿದಿನ ಬೆಳಿಗ್ಗೆ ಮಗನ ಮುಖ ನೋಡುವ ಮುನ್ನ ಮರಿ ನೀರು ಕುಡಿಯುತ್ತಿದೆಯೇ ಎಂದು ಹೋಗಿ ನೋಡುತ್ತಿದ್ದಳು. ಹನ್ನೊಂದನೆಯ ದಿನ ಮರಿ ಬಟ್ಟಲನ್ನೇ ಮಗುಚಿ ಹಾಕಿತು. ಅಂದು ಅವಳು ಅಡುಗೆಮನೆಯಲ್ಲಿ ಕುಳಿತು ಅತ್ತದ್ದನ್ನು ನಾನು ಕಂಡೆನು.

ಅದನ್ನು ಕೊನೆಗಾಣಿಸುವುದೇ ಲೇಸೆಂಬ ಮಾತೂ ಆ ದಿನಗಳಲ್ಲಿ ಬಂದಿತ್ತು. ಬಂದರಿನ ಕಡೆ ಬಿಟ್ಟುಬಂದರೆ ಅದರ ಋಣ ಅದಕ್ಕೆ ಎಂದವರೂ ಇದ್ದರು. ಬಿಟ್ಟುಬರುವುದೆಂದರೆ ಕೊಲ್ಲುವ ಕೆಲಸವನ್ನು ಮಳೆಗೂ ಲಾರಿಗೂ ವಹಿಸಿ ಕೈ ತೊಳೆದುಕೊಳ್ಳುವುದು. ಸಾಕುಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು. ಆದರೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದು ಬೇರೆ ವಿಷಯ. ಅದನ್ನು ಪಾಪವೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ನುಂಗಲಾರದ, ನಿಲ್ಲದ ಅಪಸ್ಮಾರದಿಂದ ಬಳಲುವ, ಚೇತರಿಕೆಯ ಆಸೆಯಿಲ್ಲದ ಪ್ರಾಣಿಯನ್ನು ನಮ್ಮ ಪುಣ್ಯದ ಲೆಕ್ಕಕ್ಕಾಗಿ ನರಳಿಸುತ್ತ ಇಡುವುದು ದಯೆಯಲ್ಲ. ಪ್ರಶ್ನೆ ಪ್ರಾಣಿಯ ಸಂಕಟದ್ದಾಗಿರಬೇಕು, ನೋಡುವವರ ಮುಜುಗರದ್ದಲ್ಲ. ನಾನು ನೇರವಾಗಿ ಕೇಳಿದಾಗ ಪಶುವೈದ್ಯರು, "ತಿನ್ನುತ್ತದೆ, ಆಡುತ್ತದೆ, ನಿದ್ದೆ ಮಾಡುತ್ತದೆ. ತಾನು ಬೀಳುವುದು ಅದಕ್ಕೆ ದುಃಖದ ವಿಷಯವಲ್ಲ, ನಿಮಗೆ ಮಾತ್ರ" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ಬಳಿಕ ಎದ್ದದ್ದು ಆಹಾರದ ಪ್ರಶ್ನೆ. ನಮ್ಮದು ಶಾಕಾಹಾರಿ ಮನೆ. ಬೆಳೆಯುವ ಮರಿಗೆ ಮೊಸರನ್ನದಿಂದಷ್ಟೇ ಸಾಲದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಬೆಕ್ಕಿನಂತೆ ನಾಯಿಗೆ ಮಾಂಸ ಅನಿವಾರ್ಯವಲ್ಲ. ಬೇಳೆ, ಹಾಲು, ಪನೀರುಗಳನ್ನು ಲೆಕ್ಕವಿಟ್ಟು ಕೊಟ್ಟರೆ ಬದುಕೀತು. ಆದರೆ ಸೊರಗಿ ಹುಟ್ಟಿದ ಮರಿಯ ಮೇಲೆ ಆ ಪ್ರಯೋಗ ಬೇಕೇ? ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಆಚಾರ ನಮ್ಮದು, ನಾಯಿಗೆ ನಾವು ದೀಕ್ಷೆ ಕೊಡಿಸಿಲ್ಲ ಎಂದು ನಾನು ಹೇಳಿದೆನು. ನಿಮ್ಮ ಮಾತು ನನ್ನ ಒಲೆಗೆ ಅನ್ವಯಿಸುವುದಿಲ್ಲ ಎಂದು ಮನೆಯವಳು ಉತ್ತರ ಕೊಟ್ಟಳು. ಇಬ್ಬರ ಮಾತೂ ನಿಂತಿತು, ಹೇಗೆಂದರೆ ಪಕ್ಕದ ಮೀನುಗಾರರ ಮನೆಯ ತಾಯಿಯೊಬ್ಬರು ಬೇಲಿಯಾಚೆಯಿಂದ, "ಅಯ್ಯನೋರೇ, ನಿಮ್ಮನಿ ಒಲೆ ನಿಮಗೇ ಇರ್ಲಿ. ಮರಿಗೆ ನಮ್ಮನಿಗೆ ಬರೂಕೆ ಹೇಳಿ" ಎಂದರು. ಮುಳ್ಳು ತೆಗೆದು ಬೇಯಿಸಿದ ಮೀನನ್ನು ಅನ್ನದೊಡನೆ ಕಲಸಿ ದಿನಕ್ಕೊಮ್ಮೆ ಅವರ ಅಂಗಳದಲ್ಲಿಯೇ ಇಡುತ್ತಾರೆ. ನಮ್ಮ ಮನೆಯಿಂದ ಅವರಿಗೆ ಪ್ರತಿಯಾಗಿ ಹೋಗುವುದು ಜೋಳದ ರೊಟ್ಟಿ. ಈ ವಿನಿಮಯದಲ್ಲಿ ಲಾಭ ಯಾರಿಗೆಂಬುದನ್ನು ಅವರ ಮಕ್ಕಳನ್ನೇ ಕೇಳಬೇಕು.

ತಿಂಗಳಾದ ಮೇಲೆ ಮರಿ ಕೆಟ್ಟಿರಲಿಲ್ಲ, ಬೀಳುವುದು ಕಡಿಮೆಯಾಗಿತ್ತು. ಕಿರುಮೆದುಳು ಬೆಳೆದುದರಿಂದಲ್ಲ, ಉಳಿದ ಮೆದುಳು ಕಣ್ಣಿನಿಂದಲೂ ಪಾದದ ಸ್ಪರ್ಶದಿಂದಲೂ ಉಪಾಯ ಕಲಿತುದರಿಂದ. ಕಲಿಯಬೇಕಾದರೆ ಬೀಳಲು ಬಿಡಬೇಕು. ಹುಡುಗ ಮೊದಮೊದಲು ಅದು ಬಿದ್ದೊಡನೆ ಓಡಿಹೋಗಿ ಎತ್ತುತ್ತಿದ್ದನು. ಅಪಾಯವಿಲ್ಲದ ಕಡೆ ತಾನೇ ಏಳಲೆಂದು ವೈದ್ಯರು ತಡೆದರು. ಅವನಿಗೆ ಇದು ರಾತ್ರಿಯ ನಿದ್ದೆಗೆಟ್ಟುದಕ್ಕಿಂತ ಕಷ್ಟವಾಯಿತು. ನುಣುಪಾದ ಟೈಲ್ಸಿನ ಮೇಲೆ ಇಂಥ ಪ್ರಾಣಿ ನಿಲ್ಲಲಾರದಾದ್ದರಿಂದ ಪಡಸಾಲೆಯುದ್ದಕ್ಕೂ ತೆಂಗಿನ ನಾರಿನ ಚಾಪೆ ಹಾಸಿದ್ದಾರೆ. ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತರಿಸಿದ ಮಣೆಯ ಮೇಲೆ ಇಡುತ್ತಾರೆ. ಮೆಟ್ಟಿಲಿಗೆ ಅಡ್ಡ ಹಲಗೆಯಿದೆ. ಬಾವಿಗೆ ಕಟ್ಟೆಯಿದ್ದರೂ ಬಲೆ ಹಾಕಿಸಿದರು. ರಾಷ್ಟ್ರೀಯ ಹೆದ್ದಾರಿ 66ರ ಕಡೆಯ ಗೇಟನ್ನು ತೆರೆದಿಡುವಂತಿಲ್ಲವೆಂದು ಮನೆಗೆ ಬಂದವರಿಗೆಲ್ಲ ಹುಡುಗನೇ ಹೇಳುತ್ತಾನೆ. ಆರು-ಎಂಟು ವಾರಗಳಿಂದ ತೊಡಗಿ ಕ್ರಮವಾಗಿ ಡಿಸ್ಟೆಂಪರ್, ಪಾರ್ವೊಗಳ ಲಸಿಕೆ, ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ, ನಡುವೆ ಜಂತುವಿನ ಔಷಧ ಎಲ್ಲ ಆಯಿತು. ದೋಷ ವಂಶದ್ದೂ ಆಗಿರಬಹುದಾದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದರು. ಉಳಿದ ನಾಲ್ಕು ಮರಿಗಳಲ್ಲಿ ಎರಡಕ್ಕೆ ಮನೆ ದೊರೆಯಿತು; ಒಂದು ಹೆದ್ದಾರಿಯಲ್ಲಿ ಹೋಯಿತು; ಒಂದು ತಾಯಿಯೊಡನೆ ಮೀನುಪೇಟೆಯ ಕಡೆ ಇದೆ. ಗುಂಡಗೆ ಹುಟ್ಟಿದವುಗಳ ಗತಿ ಇದು.

ಎರಡು ಮಳೆಗಾಲ ಕಳೆದ ಮೇಲೆ ನಾನು ಮತ್ತೆ ಹೊನ್ನಾವರಕ್ಕೆ ಹೋದಾಗ ತೇರು ಬೆಳೆದಿತ್ತು, ಆದರೂ ಇತರ ಊರನಾಯಿಗಳಿಗಿಂತ ಗಾತ್ರದಲ್ಲಿ ಸಣ್ಣದು. ಅಪರಿಚಿತರನ್ನು ಕಂಡರೆ ಬೊಗಳಲು ಏಳುತ್ತದೆ. ಬೊಗಳುವ ರಭಸಕ್ಕೆ ತಾನೇ ಕುಳಿತುಬಿಡುತ್ತದೆ. ಮಧ್ಯಾಹ್ನ ಮೀನಿನ ಹೊತ್ತಿಗೆ ಮಾತ್ರ ಯಾರೂ ಕರೆಯಬೇಕಿಲ್ಲ. ಚಿರೆಕಲ್ಲಿನ ಗೋಡೆಗೆ ಬಲಮೈ ತಾಗಿಸಿಕೊಂಡು, ಗೋಡೆ ಮುಗಿದಲ್ಲಿ ಒಂದು ಕ್ಷಣ ನಿಂತು, ಬೇಲಿಯ ಸಂದಿಯವರೆಗಿನ ಏಳೆಂಟು ಹೆಜ್ಜೆಯನ್ನು ಒಂದೇ ಉಸಿರಿಗೆ ದಾಟುತ್ತದೆ. ಆ ಜಾಗದಲ್ಲಿ ಮಳೆಗೆ ಹಾವಸೆ ಕಟ್ಟಿತ್ತು. ಮೊಮ್ಮಗನು ಶಾಲೆಗೆ ಹೊರಡುವ ಮುನ್ನ ಮೊಣಕಾಲೂರಿ ಕುಳಿತು, ಹಳೆಯ ಕರಟದಿಂದ ಅದನ್ನು ಕೆರೆದು, ಮೇಲೆ ಒಂದು ಬೊಗಸೆ ಮರಳು ಚೆಲ್ಲುತ್ತಿದ್ದನು.